ಗೆರಟೆಯ ನೀರು

ಇದನ್ನು ಹೇಳುವುದನ್ನು ನಾನು ಮುಂದೂಡುತ್ತಲೇ ಬಂದೆ. ಹೆಂಡತಿ ಇದ್ದಾಗ ಅವಳಿಗಾದರೂ ಹೇಳಬೇಕೆಂದಿದ್ದೆ, ಹೇಳಲಿಲ್ಲ. ಈಗ ಕೈ ನಡುಗತೊಡಗಿದೆ. ಇನ್ನೂ ತಡಮಾಡಿದರೆ ಬರೆಯಲೂ ಆಗದು.

ಅರವತ್ತರ ದಶಕದಲ್ಲಿ ನಾನು ಕುಂದಾಪುರದ ಹೊಳೆಬದಿಯ ಹಂಚಿನ ಕಾರ್ಖಾನೆಯಲ್ಲಿ ಮಣ್ಣು ಅರೆಯುವ ಮಿಲ್ಲು ನಡೆಸುತ್ತಿದ್ದೆ. ಮಿಲ್ಲು ಅದುರತೊಡಗಿದರೆ ಸರಿಪಡಿಸಲು ಬ್ರಹ್ಮಾವರದಿಂದ ಆಚಾರ್ರು ಬರುತ್ತಿದ್ದರು. ಕಂಕುಳಲ್ಲಿ ಸ್ಪ್ಯಾನರುಗಳ ಗೋಣಿಚೀಲ, ಕೈಯಲ್ಲಿ ಉಜ್ಜಿ ನುಣುಪಾಗಿಸಿದ ತೆಂಗಿನ ಚಿಪ್ಪಿನ ಗೆರಟೆ. ಬಂದವರೇ ಗೆರಟೆಯ ಅಡಿಗೆ ಹಸಿಮಣ್ಣು ಮೆತ್ತಿ, ಬೇರಿಂಗಿನ ಮೇಲೆ ಕೂರಿಸಿ, ನೀರು ತುಂಬಿ, ನಸ್ಯ ಏರಿಸಿ ನೋಡುತ್ತ ನಿಲ್ಲುವರು. ನೀರು ಸಣ್ಣಗೆ ಬಳೆಬಳೆಯಾಗಿ ನಡುಗಿದರೆ ಬೆಲ್ಟಿನ ದೋಷ. ಸುತ್ತಿಗೊಮ್ಮೆ ಚಂಗನೆ ಹಾರಿದರೆ ಗೇರಿನ ಹಲ್ಲು ಮುಕ್ಕಾಗಿದೆ. ಒಂದೇ ಬದಿಗೆ ತುಳುಕಿದರೆ ಆ ಬದಿಯ ಬೇರಿಂಗು ತಗ್ಗಿದೆ, ಗೇರುಗಳ ಹಲ್ಲು ಸಮನಾಗಿ ಕೂಡುತ್ತಿಲ್ಲ.

“ಮನ್ಷ ಸುಳ್ಳ್ ಹೇಳ್ತ, ನೀರ್ ಹೇಳ್ತಿಲ್ಲೆ ಮಾರಾಯ,” ಎನ್ನುವರು.

ಜಂಬ ಬಹಳ. ಬೈಂದೂರಿನ ಕಡೆ ಒಂದು ಅಕ್ಕಿ ಮಿಲ್ಲು ಅದುರುವುದು ದೈವದ ಮುನಿಸೆಂದು ಮಾಲೀಕರು ಕೋಳಿ ಹರಕೆ ಹೊತ್ತಿದ್ದರಂತೆ. ಇವರು ಹೋಗಿ ಬುಡದ ಸಡಿಲ ಬೋಲ್ಟು ಬಿಗಿದು, “ನಿಮ್ ದೈವಕ್ಕೆ ಬೇಕಾದ್ದ್ ಕೋಳಿ ಅಲ್ಲ, ಸ್ಪ್ಯಾನರ್” ಎಂದು, ಆ ಕೋಳಿಯನ್ನೇ ಸಾರು ಮಾಡಿಸಿ ಉಂಡು ಬಂದರಂತೆ. ಪ್ರತಿ ಸಲ ಹೇಳುವಾಗಲೂ ಕೋಳಿ ದೊಡ್ಡದಾಗುತ್ತಿತ್ತು.

ಬೇರಿಂಗು ಸಡಿಲಿಸಲು ಮಾತ್ರ ಅವರು ಯಾರನ್ನೂ ಬಿಡುತ್ತಿರಲಿಲ್ಲ. ಎತ್ತರ ಸರಿದೂಗಿಸಲು ಅದರಡಿಗೆ ತೆಳ್ಳನೆಯ ಹಿತ್ತಾಳೆ ತಗಡುಗಳನ್ನು ಇಡುತ್ತಿದ್ದರು. ಒಂದು ಬೇಸಿಗೆ, ಅವರು ಎಲ್ಲ ಸರಿಮಾಡಿ ಹೋದ ವಾರದಲ್ಲೇ, ಮಣ್ಣಿನಲ್ಲಿದ್ದ ಕಲ್ಲನ್ನು ನಾನು ಹೆಕ್ಕದೆ ಬಿಟ್ಟೆ. ಮಿಲ್ಲು ಕಲ್ಲು ಕಚ್ಚಿ ನಿಂತಿತು. ಕಾರ್ಖಾನೆಯ ದಣಿಗಳಿಗೆ ತಿಳಿದರೆ ಕೆಲಸ ಹೋಗುತ್ತಿತ್ತು. ನಾನೇ ಬೇರಿಂಗು ಸಡಿಲಿಸಿ ಕಲ್ಲು ತೆಗೆದು, ಗಡಿಬಿಡಿಯಲ್ಲಿ ಬಿಗಿದೆ. ಸಂಜೆ ಮೀಯಲು ಅಂಗಿ ಕಳಚಿದಾಗ ಕಿಸೆಯಲ್ಲಿ ಒಂದು ತಗಡು ಉಳಿದಿತ್ತು.

ಮರುದಿನ ದಣಿಗಳ ಕಣ್ಣೆದುರು ಬಿಚ್ಚಿ ಅದನ್ನು ಇಡುವಂತಿರಲಿಲ್ಲ, ಮಿಲ್ಲು ನೆಲವನ್ನೇ ಅಲುಗಿಸುತ್ತಿತ್ತು. ಆಚಾರ್ರು ಬಂದು ಗೆರಟೆ ಇಟ್ಟರು. ನೀರು ಒಂದೇ ಬದಿಗೆ ತುಳುಕಿತು.

“ಹ್ವಾಯ್, ಇದನ್ನ್ ಯಾರ್ ಮುಟ್ಟಿದ್ದ್?”

ದಣಿಗಳು ಪಕ್ಕದಲ್ಲೇ ಇದ್ದರು.

“ಯಾರೂ ಮುಟ್ಲಿಲ್ಲೆ ಆಚಾರ್ರೇ,” ಎಂದೆ.

ಬಿಚ್ಚಿ ನೋಡುವ ಎಂದರು ಅವರು. ಗೆರಟೆಯ ಮಾತು ಕೇಳಿ ಮಿಲ್ಲು ನಿಲ್ಲಿಸಲಾಗದು, ಪ್ರಾಯವಾಯಿತೇ ಎಂದು ದಣಿಗಳು ನಕ್ಕರು. ಆಚಾರ್ರು ನನ್ನತ್ತ ತಿರುಗಿದರು.

“ನೀ ಹೇಳ್ರೆ ಸೈ. ಹಂಗಾರೆ ಗೇರಿನ್ ಹಲ್ಲೇ ಆಯ್ಕ್.”

ಗೆರಟೆಯ ನೀರನ್ನು ಚೆಲ್ಲಿದರು. ಹಲ್ಲಿನ ಹೊಡೆತ ತಿಳಿಯಲು, ತಿರುಗುವ ಗೇರಿನ ಪಕ್ಕಕ್ಕೆ ಬಗ್ಗಿ ಅಂಗೈ ಊರಿದರು. ಅಲ್ಲಿ ಗ್ರೀಸಿತ್ತು. ಅದುರಾಟಕ್ಕೆ ಕೈ ಜಾರಿತು. ನಾನು ಬೆಲ್ಟು ತಪ್ಪಿಸುವಷ್ಟರಲ್ಲಿ ಬಲಗೈಯ ಬೆರಳುಗಳು ಹೋಗಿದ್ದವು.

ಅವರು ಆಸ್ಪತ್ರೆಯಲ್ಲಿದ್ದಾಗ ನಾನು ತಗಡನ್ನು ಅದರ ಜಾಗದಲ್ಲಿಟ್ಟೆ. ಮಿಲ್ಲು ಸುಮ್ಮನಾಯಿತು.

ಮಳೆಗಾಲ ಕಳೆದ ಮೇಲೆ ಬ್ರಹ್ಮಾವರಕ್ಕೆ ಹೋದೆ. ಅಂಗಳದಲ್ಲಿ ಆ ಗೆರಟೆಯಿಂದ ಕೋಳಿಗಳು ನೀರು ಕುಡಿಯುತ್ತಿದ್ದವು. ನಾನು ಅದನ್ನೇ ನೋಡುತ್ತಿರುವುದು ಅವರಿಗೆ ತಿಳಿಯಿತು.

“ಇಷ್ಟ್ ವರ್ಷ ನಂಬಿದ್ದೆ. ಕಡೀಗ್ ನೀರೂ ಸುಳ್ಳ್ ಹೇಳ್ತ್ ಕಾಣ್,” ಎಂದರು.

ಚಹಾ ಕುಡಿದೆ. ಮಿಲ್ಲು ಚೆನ್ನಾಗಿ ನಡೆಯುತ್ತಿದೆ ಎಂದೆ. ಎದ್ದು ಬಂದೆ. ಮುಂದಿನ ಮಳೆಗಾಲಕ್ಕೆ ಅವರಿರಲಿಲ್ಲ.

ನಾವೆಲ್ಲ ಆಚಾರ್ರೆಂದೇ ಕರೆಯುತ್ತಿದ್ದೆವು. ಅವರ ಹೆಸರು ಗಣಪಯ್ಯ ಆಚಾರ್.