ಹುರಿದ ನುಗ್ಗೆ ಬೀಜ

ಶನಿವಾರಸಂತೆಯ ಆಚೆ, ಅಪ್ಪಯ್ಯನವರ ಕಾಫಿ ತೋಟದ ಪಲ್ಪರ್ ಮನೆಯಲ್ಲಿ ಮುತ್ತಮ್ಮ ಹನ್ನೊಂದು ವರ್ಷದಿಂದ ಕೆಲಸ ಮಾಡುತ್ತಿದ್ದಳು. ಪಲ್ಪರ್ ಯಂತ್ರದಲ್ಲಿ ಹಣ್ಣಿನ ಸಿಪ್ಪೆ ಸುಲಿದು ಬೀಜ ತೊಳೆದ ನೀರು ಕಂದು ಬಣ್ಣಕ್ಕೆ ತಿರುಗಿ ತೊಟ್ಟಿಗೆ ಬೀಳುತ್ತಿತ್ತು. ಈ ಸಲ ತೊಟ್ಟಿ ತುಂಬಿ ಹಳ್ಳಕ್ಕೆ ಹರಿಯಿತು. ಕೆಳಗಿನ ಗದ್ದೆಯ ಶಿವಪ್ರಕಾಶ್ ಬಂದು, ತನ್ನ ಎಮ್ಮೆಗಳು ಹಳ್ಳಕ್ಕೆ ಬಾಯಿ ಹಾಕುತ್ತಿಲ್ಲ ಎಂದ. ಅಪ್ಪಯ್ಯನವರು ಜಗಳದ ಮನುಷ್ಯರಲ್ಲ. ಇನ್ನೊಂದು ದೂರು ಬಂದರೆ ಪಲ್ಪರ್ ನಿಲ್ಲಿಸಿ, ಹಣ್ಣನ್ನು ಹಾಗೆಯೇ ಕಣದಲ್ಲಿ ಒಣಗಿಸುವುದೆಂದರು. ಹಾಗಾದರೆ ಮುತ್ತಮ್ಮನಿಗೆ ಅಲ್ಲಿ ಕೆಲಸವಿಲ್ಲ.

ತೋಟದ ಲೆಕ್ಕ ಬರೆಯುವ ರೈಟರ್ ನಂದೀಶ್ ಯಾವುದೋ ತರಬೇತಿಯಲ್ಲಿ ಕೇಳಿ ಬಂದಿದ್ದ. ನೀರಿಗೆ ಸುಣ್ಣ ಹಾಕಿ, ಆಮೇಲೆ ನುಗ್ಗೆ ಬೀಜದ ಪುಡಿ ಬೆರೆಸಿದರೆ ಕೊಳೆ ಗಂಟುಗಟ್ಟಿ ತಳಕ್ಕೆ ಕೂರುತ್ತದಂತೆ. ಮುತ್ತಮ್ಮ ತನ್ನ ಹಿತ್ತಲಿನ ಮರದ ಒಣ ಕಾಯಿಗಳನ್ನೆಲ್ಲ ಬಿಡಿಸಿ, ಬೀಜ ಸುಲಿದು, ಬಾಣಲೆಯಲ್ಲಿ ಹದವಾಗಿ ಹುರಿದು, ಕುಟ್ಟಿ, ಜರಡಿ ಹಿಡಿದು ತಂದಳು. ತೊಟ್ಟಿಯ ನೀರನ್ನು ಒಂದು ಬಕೆಟ್ಟಿಗೆ ತುಂಬಿ, ಸುಣ್ಣ, ಪುಡಿ ಹಾಕಿ ನೋಡಿದರು. ಮಧ್ಯಾಹ್ನ ಕಳೆದರೂ ನೀರು ಹಾಗೇ ಇತ್ತು.

ನಂದೀಶ್ ಪುಡಿ ಮೂಸಿದ. "ಏನಕ್ಕಾ, ಘಮ್ ಅಂತದೆ. ಹುರಿದ್ಯಾ?"

"ಹುರೀದೆ ಯಾರಪ್ಪ ಬೀಜ ಪುಡಿ ಮಾಡ್ತಾರೆ?"

"ಇದೇನ್ ಕಾಫಿನಾ? ಹಸೀದೇ ಕುಟ್ಬೇಕು. ಬೆಂಕಿ ತಾಗಿದ್ರೆ ಅದ್ರ ಗುಣ ಹೋಯ್ತದೆ."

"ಮೊದ್ಲೇ ಹೇಳೋಕೆ ಬಾಯಲ್ಲಿ ಎಲೆಅಡಿಕೆ ಇತ್ತಾ?"

ನಂದೀಶ್ ನಕ್ಕ. ಮುತ್ತಮ್ಮ ನಗಲಿಲ್ಲ. ಮರುದಿನ ಬೆಳಿಗ್ಗೆ ಶಿವಪ್ರಕಾಶ್ ನೋಡಲು ಬರುವವನಿದ್ದ. ಮನೆಯಲ್ಲಿ ಉಳಿದದ್ದು ಬಿತ್ತನೆಗೆಂದು ಬೂದಿ ಬೆರೆಸಿ ಡಬ್ಬಿಯಲ್ಲಿಟ್ಟ ಒಂದು ಹಿಡಿ ಬೀಜ. ಅವಳು ಅದನ್ನು ತಂದು ತೊಳೆದು ಒರೆಸಿ ಹಸಿಯಾಗಿಯೇ ಕುಟ್ಟಿದಳು. ಬೇರೊಂದು ಬಕೆಟ್ಟಿನ ತೊಟ್ಟಿ ನೀರಿಗೆ ಸುಣ್ಣ ಹಾಕಿ ಪುಡಿ ಬೆರೆಸಿ, ಮೊದಲು ಜೋರಾಗಿ, ಆಮೇಲೆ ಗಂಜಿ ತಿರುವುವಷ್ಟು ನಿಧಾನವಾಗಿ ಕಲಕಿ ಬಿಟ್ಟಳು.

ಬೆಳಿಗ್ಗೆ ಶಿವಪ್ರಕಾಶ್ ಮೇಲಿನ ನೀರನ್ನು ಲೋಟದಲ್ಲಿ ಎತ್ತಿ ಬಿಸಿಲಿಗೆ ಹಿಡಿದ. ಬಕೆಟ್ಟಿನ ತಳದಲ್ಲಿ ನಾಲ್ಕು ಬೆರಳು ಕೆಸರು ನಿಂತಿತ್ತು.

"ಮೊನ್ನೆ ಸಗಣಿ ನೀರಿನ ಥರ ಇತ್ತು. ಈಗ ಹಾಲಿಲ್ಲದ ಟೀ ಥರ ಅದೆ, ಮುತ್ತಕ್ಕ."

"ಕುಡಿಯೋಕಲ್ಲ ಶಿವಣ್ಣ."

"ಕುಡಿಯಲ್ಲ ಬಿಡು. ಇಡೀ ತೊಟ್ಟಿ ಹಿಂಗಾಗೋವರ್ಗೂ ಹಳ್ಳಕ್ಕೆ ಒಂದ್ ತೊಟ್ಟೂ ಬಿಡಬ್ಯಾಡಿ."

ಪಕ್ಕದಲ್ಲಿ ನಿಂತಿದ್ದ ಅಪ್ಪಯ್ಯನವರು ಆಗಲಿ ಎಂದು ತಲೆಯಾಡಿಸಿದರು. ಇಡೀ ತೊಟ್ಟಿಗೆ ಬೇಕಾದಷ್ಟು ಬೀಜ ಸಂತೆಯಲ್ಲೇ ಸಿಗಬೇಕಿತ್ತು; ಶನಿವಾರದವರೆಗೆ ಪಲ್ಪರ್ ನಿಂತಿತು. ಆ ದಿನ ಸಂತೆಯಲ್ಲಿ ಮುತ್ತಮ್ಮ ಒಣ ನುಗ್ಗೆಕಾಯಿಗಳನ್ನು ಒಂದೊಂದೇ ಅಲ್ಲಾಡಿಸಿ, ಒಳಗೆ ಬೀಜದ ಸದ್ದು ಕೇಳಿ ಆರಿಸಿದಳು. ಮನೆಗೆ ಬಂದು ಕಾಯಿ ಬಿಡಿಸಿದವಳು ಮೊದಲು ಹತ್ತು ಬೀಜ ಬೂದಿಯ ಡಬ್ಬಿಗೆ ಹಾಕಿದಳು. ಉಳಿದದ್ದನ್ನು ಒರಳಿಗೆ ಸುರಿದಳು.