ಒಂದು ಬಾಗಿಲಿಗಾಗಿ ಹಾಕಿದ ನಾಮಪತ್ರ

ನಮ್ಮ ಸಂಘದ ಅಧ್ಯಕ್ಷರು ಒಬ್ಬ ವಿದ್ಯಾರ್ಥಿಯ ಎದುರು ಕೂತು ಮಾತಾಡಿದ್ದನ್ನು ಕಂಡವರು ನಾಗಪುರದಲ್ಲಿ ಯಾರೂ ಇಲ್ಲ. ಆದರೂ ಅವರು ಕಾಲೇಜುಗಳ ವಿದ್ಯಾರ್ಥಿ ಸಲಹೆಗಾರರ ಸಂಘಕ್ಕೆ ಅಧ್ಯಕ್ಷರು, ಅದೂ ಪ್ರತಿ ಸಲ ಅವಿರೋಧವಾಗಿ. ಮರಾಠಿಯಲ್ಲಿ ಇದಕ್ಕೆ ‘ಬಿನವಿರೋಧ’ ಎನ್ನುತ್ತಾರೆ. ಆ ಮಾತು ಹೇಳುವಾಗ ಅಧ್ಯಕ್ಷರು ದೇವರ ಹೆಸರು ತೆಗೆದವರಂತೆ ಕಣ್ಣು ಮುಚ್ಚುತ್ತಾರೆ. ಸಭೆಗೆ ಬರುತ್ತಾರೆ, ಶಾಲು ಹೊದೆಸಿಕೊಳ್ಳುತ್ತಾರೆ, ತೆಂಗಿನಕಾಯಿ ಹಿಡಿದು ಫೋಟೋಗೆ ನಿಲ್ಲುತ್ತಾರೆ, ‘ಇಂದಿನ ಯುವಪೀಳಿಗೆ’ ಎಂದು ಶುರು ಹಚ್ಚಿ ಊಟ ತಣ್ಣಗಾಗುವ ತನಕ ಬಿಡುವುದಿಲ್ಲ. ಇಂಥ ಸಂಘಕ್ಕೆ ಕಾರ್ಯದರ್ಶಿ ಆಗಬೇಕೆಂದು ನಾನು ನಾಮಪತ್ರ ಹಾಕಿದೆ. ಕಾರಣ ಕೇಳಿದರೆ ನಗುತ್ತೀರಿ. ನನಗೊಂದು ಬಾಗಿಲು ಬೇಕಿತ್ತು.

ನಾನು ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಸಲಹೆಗಾರ್ತಿ. ಯಾವ ವಿಷಯ ತೆಗೆದುಕೊಳ್ಳಬೇಕು, ಯಾವುದನ್ನು ಬಿಡಬೇಕು, ಫೇಲಾದ ಪೇಪರನ್ನು ಯಾವಾಗ ಕಟ್ಟಬೇಕು ಎಂದು ಹುಡುಗ ಹುಡುಗಿಯರಿಗೆ ಹೇಳುವುದು ನನ್ನ ಕೆಲಸ. ಹೇಳುವುದಕ್ಕಿಂತ ಕೇಳುವುದೇ ಹೆಚ್ಚು. ಗಣಿತದಲ್ಲಿ ಫೇಲಾದವರ ತೊಂದರೆ ಹತ್ತರಲ್ಲಿ ಒಂಬತ್ತು ಸಲ ಗಣಿತದ್ದಲ್ಲ. ಆದರೆ ನನ್ನ ಮೇಜು ಇದ್ದದ್ದು ವರಾಂಡದಲ್ಲಿ, ಫೀ ತುಂಬುವ ಕಿಟಕಿಯ ಪಕ್ಕ, ನೀರಿನ ಕೂಲರಿನ ಎದುರು. ಕಾಲೇಜಿನ ಅರ್ಧ ಜನ ಅಲ್ಲಿ ಸಾಲು ನಿಲ್ಲುತ್ತಿದ್ದರು, ಉಳಿದರ್ಧ ನೀರು ಕುಡಿಯಲು ಬರುತ್ತಿದ್ದರು.

ಸಾವನೇರ್ ಕಡೆಯಿಂದ ಬಸ್ಸಿನಲ್ಲಿ ಬರುತ್ತಿದ್ದ ಒಬ್ಬ ಹುಡುಗಿ ಒಂದು ದಿನ ನನ್ನೆದುರು ಕೂತು, ಫಾರ್ಮನ್ನು ಮಡಚಿ ಬಿಡಿಸಿ ಮಾಡುತ್ತ, “ಮ್ಯಾಡಮ್, ಘರ್ ಮೇ...” ಎಂದು ಶುರು ಮಾಡಿದಳು. ಅಷ್ಟರಲ್ಲಿ ಕಿಟಕಿಯ ಒಳಗಿನ ಗುಮಾಸ್ತ ತಲೆ ಹೊರಗೆ ಹಾಕಿ ನೋಡಿದ. ನೋಡುವ ಕಾರಣವೇನೂ ಇರಲಿಲ್ಲ, ಸುಮ್ಮನೆ ನೋಡಿದ. “ಕುಛ್ ನಹೀ ಮ್ಯಾಡಮ್,” ಎಂದು ಹುಡುಗಿ ಎದ್ದು ಹೋದಳು. ಮತ್ತೆ ನನ್ನ ಮೇಜಿಗೆ ಬರಲಿಲ್ಲ. ಮುಂದಿನ ವರ್ಷ ಹಾಜರಿ ಪಟ್ಟಿಯಲ್ಲಿ ಅವಳ ಹೆಸರೇ ಇರಲಿಲ್ಲ. ಮನೆಯಲ್ಲಿ ಏನಿತ್ತು ಎಂಬುದು ನನಗೆ ಇವತ್ತಿಗೂ ಗೊತ್ತಿಲ್ಲ. ಆ ಗುಮಾಸ್ತನನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

ಪ್ರಿನ್ಸಿಪಾಲರ ಹತ್ತಿರ ಹೋಗಿ ಬಾಗಿಲಿರುವ ಒಂದು ಕೋಣೆ ಕೇಳಿದೆ. ಮುರಿದ ಕುರ್ಚಿ ತುಂಬಿಟ್ಟ ಒಂದು ಕೋಣೆ ಮೆಟ್ಟಿಲ ಬಳಿ ಖಾಲಿಯೇ ಬಿದ್ದಿತ್ತು. ಅವರು ಪೆನ್ನು ತಿರುಗಿಸುತ್ತ, ಬರೀ ಸಲಹೆಗಾರರಿಗೆ ಕೋಣೆ ಕೊಟ್ಟರೆ ಮ್ಯಾನೇಜ್‌ಮೆಂಟಿಗೆ ಏನೆಂದು ಹೇಳಲಿ, ಸಂಘದ ಪದಾಧಿಕಾರಿ ಆಗಿದ್ದರೆ ಮಾತು ಬೇರೆ ಇತ್ತು ಎಂದರು. ಅಂದರೆ ವಿದ್ಯಾರ್ಥಿಯ ಕಣ್ಣೀರಿಗೆ ಕೋಣೆ ಇಲ್ಲ, ಲೆಟರ್‌ಹೆಡ್ಡಿನಲ್ಲಿ ಹೆಸರಿದ್ದರೆ ಕೋಣೆ ಉಂಟು. ನನಗೆ ಮೈ ಉರಿಯಿತು. ಉರಿಯುತ್ತಲೇ ಹೋಗಿ ಫಾರ್ಮ್ ತಂದೆ.

ಬ್ಯಾಂಕಿನಿಂದ ನಿವೃತ್ತರಾಗಿ ಮನೆಯಲ್ಲಿರುವ ನನ್ನ ಗಂಡ ಫಾರ್ಮನ್ನು ತಿರುವಿ ಹಾಕಿ ನೋಡಿದರು. “ನಿನಗೇನ ಹುಚ್ಚು ಹಿಡದೈತೇನ? ಬಾಗಲಾ ಬೇಕಂದ್ರ ಬಡಿಗ್ಯಾನ್ನ ಕರಸು. ಎಲೆಕ್ಷನ್ ಯಾಕ ನಿಂದ್ರತಿ?” ಎಂದರು. ಧಾರವಾಡ ಬಿಟ್ಟು ಎಷ್ಟೋ ವರ್ಷವಾದರೂ ಅವರ ನಾಲಿಗೆಯ ಮೊನೆ ಮೊಂಡಾಗಿಲ್ಲ.

ಸಂಘದ ಬಗ್ಗೆ ನಿಮ್ಮ ದೂರದೃಷ್ಟಿ ಏನು ಎಂದು ಫಾರ್ಮಿನಲ್ಲಿ ಅರ್ಧ ಪುಟ ಖಾಲಿ ಬಿಟ್ಟಿದ್ದರು. ಸಬಲೀಕರಣ, ಸಮನ್ವಯ, ಸಮಗ್ರ ವಿಕಾಸ ಎಂದು ನಾನೂ ತುಂಬಿದೆ. ಬಾಗಿಲಿನ ಮಾತು ಬರೆಯಲಿಲ್ಲ, ಸಣ್ಣದಾಗಿ ಕಂಡೀತೆಂದು ನಾಚಿದೆ. ಆಮೇಲೆ ಓಟು ಕೇಳಲು ಹೊರಟೆ. ಖಾಪರಖೇಡಾದ ತನಕ ಹೋಗಿಬಂದೆ. ಎಲ್ಲ ಕಾಲೇಜಿನಲ್ಲೂ ಚಹಾ ಕೊಟ್ಟರು, ಎಲ್ಲರೂ “ಬರೋಬರ್ ಆಹೇ ಮ್ಯಾಡಮ್”, ನೀವು ಹೇಳುವುದು ಸರಿ ಎಂದರು, ಎಲ್ಲರೂ ಅಧ್ಯಕ್ಷರಿಗೆ ಕೂಡಲೇ ಫೋನ್ ಮಾಡಿದರು. ಇವರು ಮಕ್ಕಳಿಗೆ ಧೈರ್ಯ ಹೇಳುವ ಕೆಲಸದವರು!

ಒಂದು ಭಾನುವಾರ ಬೆಳಿಗ್ಗೆ ಅಧ್ಯಕ್ಷರು ಗಾಂಧಿಬಾಗ್‌ನ ತಮ್ಮ ಮನೆಗೆ ಕರೆದರು. ಕೆಳಗೆ ಸಗಟು ಬಟ್ಟೆ ಅಂಗಡಿ, ಮೇಲೆ ಇವರು. ಗಾಜಿನ ಕಪಾಟಿನ ತುಂಬ ಸನ್ಮಾನದ ಶಾಲುಗಳು ಪ್ಲಾಸ್ಟಿಕ್ಕಿನಿಂದ ಹೊರಗೆ ಬರದೆ ಕೂತಿದ್ದವು. ಅದನ್ನು ನೋಡಿದರೆ ಅಂಗಡಿ ಮೇಲಿದೆಯೋ ಕೆಳಗಿದೆಯೋ ಎಂಬ ಅನುಮಾನ ಬರುವಂತಿತ್ತು. ತರ್ರಿ ಎಂಬ ಖಾರದ ಸಾರು ಹಾಕಿದ ಪೋಹಾ ಕೊಟ್ಟರು, ಮೇಲೆ ಕಿತ್ತಳೆ ಬರ್ಫಿ. ನಾನು ತಿಂದು ಮುಗಿಸುವ ತನಕ ಹವೆಯ ಮಾತು. ಆಮೇಲೆ ಎದ್ದು ಹೋಗಿ ಕೋಣೆಯ ಬಾಗಿಲು ಹಾಕಿ ಬಂದರು.

“ನಮ್ಮ ಸಂಘದಲ್ಲಿ ಇದುವರೆಗೆ ಒಂದೇ ಒಂದು ಮತಪತ್ರ ಛಾಪಿಸಿಲ್ಲ ಮ್ಯಾಡಮ್. ಅದು ನಮ್ಮ ಪರಂಪರೆ,” ಎಂದರು ಮರಾಠಿಯಲ್ಲಿ. “ನೀವು ಮನೆಯವರು. ಮನೆಯಲ್ಲಿ ಯಾರಾದರೂ ಓಟು ಹಾಕುತ್ತಾರೆಯೇ? ಥೋಡಂ ಥಾಂಬಾ, ಸ್ವಲ್ಪ ತಡೆಯಿರಿ. ನಿಮಗೆ ನಿಜವಾಗಿ ಏನು ಬೇಕು, ಅದನ್ನು ಹೇಳಿ.”

ಹೇಳಿದೆ. ಅವರಿಗೆ ನಗು ತಡೆಯಲಾಗಲಿಲ್ಲ. “ಇಷ್ಟೇನಾ?” ಎಂದು ಅಲ್ಲಿಂದಲೇ ನಮ್ಮ ಪ್ರಿನ್ಸಿಪಾಲರಿಗೆ ಫೋನ್ ಹಚ್ಚಿ, ಮ್ಯಾಡಮ್ ನಮ್ಮ ಸಂಘದ ನಾಮನಿರ್ದೇಶಿತ ಸದಸ್ಯರಾಗುತ್ತಿದ್ದಾರೆ, ಅವರಿಗೊಂದು ಕೋಣೆ ನೋಡಿ ಎಂದರು. ಒಂದು ನಿಮಿಷವೂ ಹಿಡಿಯಲಿಲ್ಲ. ನಾನು ಅಲ್ಲೇ, ಬರ್ಫಿಯ ಜಿಡ್ಡು ಹತ್ತಿದ ಬೆರಳಿನಲ್ಲೇ, ನಾಮಪತ್ರ ವಾಪಸಿನ ಕಾಗದಕ್ಕೆ ಸಹಿ ಹಾಕಿದೆ. ವಾರ್ಷಿಕ ಸಭೆಯಲ್ಲಿ ನನಗೂ ಒಂದು ಶಾಲು ಹೊದೆಸಿದರು. ಅದರ ಅಂಚಿನಲ್ಲಿ ಯಾರದೋ ಹಳೆಯ ಸನ್ಮಾನದ ಕುಂಕುಮದ ಕಲೆ ಇತ್ತು.

ಆದರೆ ಕೋಣೆ ಸಿಕ್ಕಿತು, ಸುಳ್ಳು ಯಾಕೆ ಹೇಳಲಿ. ಮುರಿದ ಕುರ್ಚಿಗಳನ್ನು ಹೊರಗೆ ಹಾಕಿಸಿದೆ, ಬಾಗಿಲ ಮೇಲೆ ಹೆಸರಿನ ಫಲಕವೂ ಬಂತು. ಮೊದಲ ವಾರವೇ ಒಬ್ಬ ಹುಡುಗ ಒಳಗೆ ಬಂದು, ಬಾಗಿಲು ಹಾಕಿದೆಯೇ ಎಂದು ಎರಡು ಸಲ ತಿರುಗಿ ನೋಡಿ, ಬಿಕ್ಕಳಿಸಿ ಅತ್ತ. ಆಮೇಲೆ ಎಷ್ಟೋ ಮಂದಿ ಬಂದರು. ಅವರು ಬಂದಾಗಲೆಲ್ಲ ಆ ಸಹಿ ಹಾಕಿದ್ದು ಸರಿಯಾಯಿತು ಎಂದುಕೊಳ್ಳುತ್ತಿದ್ದೆ. ಊರಿನ ಉಳಿದ ಸಲಹೆಗಾರರು ಎಲ್ಲಿ ಕೂರುತ್ತಾರೆ ಎಂದು ಒಂದು ದಿನವೂ ಯೋಚಿಸಲಿಲ್ಲ.

ಮತ್ತೆ ಚುನಾವಣೆ ಬಂತು. ಅಧ್ಯಕ್ಷರ ಫೋನ್ ಬಂತು. ಮೈಸೂರು ಕಡೆಯ ಒಬ್ಬ ಹೆಣ್ಣುಮಗಳು, ಗಂಡನ ಸಂಶೋಧನೆಯ ಕೆಲಸದ ಮೇಲೆ ಹೊಸದಾಗಿ ಇಲ್ಲಿಗೆ ಬಂದವಳು, ಒಂದು ಕಾಲೇಜಿನಲ್ಲಿ ಸಲಹೆಗಾರ್ತಿ, ಕಾರ್ಯದರ್ಶಿ ಸ್ಥಾನಕ್ಕೆ ಫಾರ್ಮ್ ತುಂಬಿದ್ದಾಳಂತೆ. “ನಿಮ್ಮ ಭಾಷೆಯವಳು. ನಿಮ್ಮ ಭಾಷೆಯಲ್ಲೇ ತಿಳಿಸಿ ಹೇಳಿ,” ಎಂದರು. ನನ್ನ ನಾಮನಿರ್ದೇಶಿತ ಸದಸ್ಯತ್ವವೂ ಈ ಸಲ ಹೊಸದಾಗಿ ಆಗಬೇಕು ಎಂದು ಕೊನೆಗೆ ಸೇರಿಸಿದರು. ಅದು ಹೋದರೆ ಕೋಣೆಯೂ ಹೋಗುತ್ತದೆ ಎಂದು ಬಿಡಿಸಿ ಹೇಳುವ ಅಗತ್ಯ ನಮ್ಮಿಬ್ಬರಿಗೂ ಇರಲಿಲ್ಲ.

ಅವಳನ್ನು ನನ್ನ ಕೋಣೆಗೆ ಕರೆಸಿದೆ. “ಬರ್ರಿ, ಕೂಡ್ರಿ. ಈ ಕಾಲೇಜಿನ್ಯಾಗ ಕನ್ನಡ ಬರೋರು ನಾ ಒಬ್ಬಾಕಿನ ನೋಡ್ರಿ,” ಎಂದು ಚಹಾ ತರಿಸಿದೆ. ಮಾತು ಮುಗಿಯುವ ತನಕ ಯಾರೂ ಬರದಿರಲಿ ಎಂದು ಎದ್ದು ಬಾಗಿಲು ಹಾಕಿದೆ.

“ನಮ್ಮ ಸಂಘದಾಗ ಇಲ್ಲೀತನಕ ಒಂದೂ ಮತಪತ್ರ ಛಾಪ್ಸಿಲ್ರಿ. ಅದೊಂದು ಪರಂಪರೆ ಐತಿ,” ಎಂದೆ. “ನೀವು ಮನಿಯವರು. ಮನ್ಯಾಗ ಯಾರರೆ ಓಟ ಹಾಕತಾರೇನು? ಸ್ವಲ್ಪ ತಡೀರಿ. ನಿಮಗ ಖರೇನ ಏನ ಬೇಕು, ಅದನ್ನ ಹೇಳ್ರಿ.”

ಒಂದು ಅಕ್ಷರ ಹೆಚ್ಚಿಲ್ಲ, ಕಡಿಮೆ ಇಲ್ಲ. ನನ್ನ ಬಾಯಲ್ಲಿ ಕೂತು ಅಧ್ಯಕ್ಷರೇ ಧಾರವಾಡದ ಕನ್ನಡ ಮಾತಾಡಿದ ಹಾಗಿತ್ತು.

“ಫಾರ್ಮಲ್ಲಿ ಬರೆದಿದ್ದೀನಲ್ಲ ಮೇಡಂ,” ಎಂದಳು. ಅಧ್ಯಕ್ಷರು ಕಳಿಸಿದ್ದ ಅವಳ ಫಾರ್ಮ್ ನನ್ನ ಫೋನಿನಲ್ಲೇ ಇತ್ತು, ನಾನು ಓದಿರಲಿಲ್ಲ. ಈಗ ತೆಗೆದು ನೋಡಿದೆ. ದೂರದೃಷ್ಟಿಯ ಅರ್ಧ ಪುಟದಲ್ಲಿ ಒಂದೇ ಸಾಲು. ಪ್ರತಿ ಕಾಲೇಜಿನಲ್ಲೂ ಸಲಹೆಗಾರರಿಗೆ ಬಾಗಿಲಿರುವ ಕೋಣೆ ಕೊಡಬೇಕೆಂದು ಸಂಘ ಲಿಖಿತವಾಗಿ ಕೇಳಬೇಕು.

ನಾಚಿಕೆಯಿಂದ ಕಿವಿ ಬಿಸಿಯಾಯಿತು. ಆದರೂ ಬಾಯಿ ಸುಮ್ಮನಿರಲಿಲ್ಲ. “ನಿಮಗೊಂದು ಕೋಣಿ ಕೊಡಸೋದು ದೊಡ್ಡ ಮಾತಲ್ರಿ. ಅಧ್ಯಕ್ಷರು ಒಂದ ಫೋನ್ ಮಾಡಿದ್ರ...”

ಅವಳು ಗೋಡೆ ನೋಡಿದಳು, ಮೇಜು ನೋಡಿದಳು. ಚಹಾ ಮುಟ್ಟಿರಲಿಲ್ಲ. ಬ್ಯಾಗು ಹೆಗಲಿಗೆ ಹಾಕಿಕೊಂಡು ಎದ್ದಳು.

“ವಾಪಸ್ ತಗೊಳಲ್ಲ ಮೇಡಂ. ಒಂದು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಈ ಕಾಲೇಜಲ್ಲಿ ನಮ್ಮಿಬ್ರನ್ನ ಬಿಟ್ರೆ ಕನ್ನಡ ಬರೋರು ಯಾರೂ ಇಲ್ಲ. ಮತ್ತೆ ಬಾಗಿಲು ಯಾಕೆ ಹಾಕಿದ್ರಿ?”