ಹೆತ್ತ ದೀಪ, ದತ್ತು ದೀಪ

ನಂಜಪ್ಪನವರು ಹಳೆಯ ಕಾರಿನ ಹೆಡ್‌ಲೈಟನ್ನು ಮೊದಲು ನೋಡುತ್ತಿರಲಿಲ್ಲ, ಕೇಳುತ್ತಿದ್ದರು. ಸಂತೆಯಲ್ಲಿ ಗಡಿಗೆ ಕೊಳ್ಳುವ ಹೆಂಗಸರು ಬೆರಳ ಗೆಣ್ಣಿನಿಂದ ತಟ್ಟಿ ಕಿವಿಗೊಡುತ್ತಾರಲ್ಲ, ಹಾಗೆ. ಗಾಜನ್ನು ಹಿಡಿದಿರುವ ಹಿತ್ತಾಳೆ ಬಳೆಗೆ ಉಗುರಿನಿಂದ ಚಿಮ್ಮಿ, ಪೇಟವನ್ನು ಕಿವಿಯಿಂದ ಮೇಲೆ ಸರಿಸಿ, ತಲೆ ವಾರೆ ಮಾಡಿ ನಿಲ್ಲುತ್ತಿದ್ದರು. ಆಗ ಯಾರಾದರೂ ಮಿಸುಕಿದರೂ ಸಿಟ್ಟು. "ಕೆಮ್ಮೋದಿದ್ರೆ ಗೇಟಿನಾಚೆ ಹೋಗಿ ಕೆಮ್ಕೊಂಡು ಬನ್ನಿ ಸ್ವಾಮಿ" ಎಂದು ಕಾರಿನ ಯಜಮಾನರಿಗೇ ಹೇಳಿಬಿಡುತ್ತಿದ್ದರು.

ಆಮೇಲೆ ತೀರ್ಪು. ಕಾರಿನ ಜೊತೆಗೇ ಬಂದ ಭಾಗ ಹೆತ್ತ ಮಗ. ಒಡೆದೋ ಕಳೆದೋ ನಂತರ ಹಾಕಿಸಿದ್ದು ದತ್ತು ಮಗ. "ದತ್ತು ಅಂದ್ರೆ ಕೀಳಲ್ಲ. ಬೆಳಕು ಕೊಟ್ರೆ ಅದೂ ಮಗನೇ. ಆದ್ರೆ ಮನೇಲಿ ಯಾರು ಯಾರು ಅಂತ ಯಜಮಾನಂಗೆ ಗೊತ್ತಿರ್ಬೇಕಲ್ವಾ?" ಎನ್ನುವುದು ಅವರ ಮಾತು.

ಅವರು ಯಡಿಯೂರಿನ ಒಕ್ಕಲು ಮನೆಯವರು. ಜಯನಗರದ ಬಡಾವಣೆಗೆ ಹೊಲ ಹೋದ ಮೇಲೆ ಖಾಲಿಯಾದ ದನದ ಕೊಟ್ಟಿಗೆಯಲ್ಲಿ ದೀಪದ ಬಳೆ, ಗಾಜು, ಬುರುಡೆಗಳನ್ನು ತುಂಬಿಕೊಂಡಿದ್ದರು. ಹರೆಯದಲ್ಲಿ ಯಾರೋ ಶ್ರೀಮಂತರ ಡ್ರೈವರ್ ಆಗಿದ್ದರಂತೆ. ಆ ಕಾಲದ ಖಾಕಿ ಕೋಟನ್ನು ಬಿಟ್ಟಿರಲಿಲ್ಲ. ವಿನಯವೆಂಬುದು ಅವರ ಬಳಿ ಸುಳಿಯುತ್ತಿರಲಿಲ್ಲ. ಕೂರಲು ಕುರ್ಚಿ ಕೊಡಬೇಕು, ಕಾಫಿ ದೊಡ್ಡ ಲೋಟದಲ್ಲೇ ಬರಬೇಕು. ಯಾರಾದರೂ ಮೆಕ್ಯಾನಿಕ್ ಎಂದರೆ ಮುಗಿಯಿತು. "ಮೆಕ್ಯಾನಿಕ್ಕು ಬಿಚ್ಚಿ ನೋಡಿ ಹೇಳ್ತಾನೆ. ನಾನು ಬಿಚ್ಚೋಕೆ ಮುಂಚೆನೇ ಹೇಳೋನು!"

ನಾನು ನಂಜಪ್ಪನವರನ್ನು ಕಂಡದ್ದು ಜಯನಗರದ ಒಬ್ಬ ವಕೀಲರ ಮನೆಯಲ್ಲಿ. ಆ ವಕೀಲರನ್ನು ಎಲ್ಲರೂ ರಾಯರು ಎನ್ನುತ್ತಿದ್ದರು. ಎಸ್ಸೆಸ್ಸೆಲ್ಸಿ ಮುಗಿಸಿ ಕೆಲವು ವರ್ಷ ಅಲೆದ ನಾನು ಅವರ ಬಳಿ ಟೈಪು ಮಾಡಿಕೊಂಡು, ಅವರ ತಂದೆಯ ಕಾಲದ ದೊಡ್ಡ ಕಾರನ್ನು ನೋಡಿಕೊಳ್ಳುತ್ತಿದ್ದೆ. ಅದು ಅರವತ್ತರ ದಶಕದ ಆರಂಭ. ಆ ಕಾರಿನ ಹೆಡ್‌ಲೈಟುಗಳು ಒಂದೊಂದೂ ಪಾಯಸದ ಪಾತ್ರೆಯಷ್ಟು ದೊಡ್ಡವು.

ನಂಜಪ್ಪನವರು ಮೊದಲ ಸಲ ಬಂದಾಗ ಎರಡೂ ದೀಪಗಳಿಗೆ ಕಿವಿಗೊಟ್ಟು, ಬಲಗಡೆಯ ಗಾಜನ್ನು ಅಂಗೈಯಿಂದ ಸವರಿ, "ಈ ಗಾಜು ದತ್ತು. ಮಿಕ್ಕಿದ್ದೆಲ್ಲಾ ಹೆತ್ತದ್ದೇ" ಎಂದರು.

ರಾಯರು ಚಪ್ಪಾಳೆ ತಟ್ಟಿ ನಕ್ಕರು. "ಅಯ್ಯೋ ನಿನ್ನ! ನಮ್ಮಣ್ಣ ಚಿನ್ನಿದಾಂಡು ಆಡ್ತಾ ಒಡೆದಿದ್ದು ಕಣಯ್ಯ ಅದು. ಅಪ್ಪನ ಕೈಲಿ ಏಟು ತಿಂದಿದ್ದು ಮಾತ್ರ ನಾನು!"

"ಏಟು ತಿಂದಿದ್ದು ನನ್ ಕಿವಿಗೆ ಕೇಳಿಸ್ಲಿಲ್ಲ ಬುದ್ಧಿ" ಎಂದರು ನಂಜಪ್ಪನವರು.

ಆವತ್ತೇ ಅವರು ಎಡಗಡೆಯ ದೀಪ ಬಿಚ್ಚಿ ನನಗೆ ಒಳಗನ್ನು ತೋರಿಸಿದರು. ಬಲ್ಬಿನ ಹಿಂದೆ ಬೋಗುಣಿಯಂಥ ಒಂದು ಹಿತ್ತಾಳೆ ಭಾಗ. ಅದರ ಒಳಮೈಗೆ ತೆಳುವಾದ ಬೆಳ್ಳಿಯ ಲೇಪ. ಬಲ್ಬಿನ ಬೆಳಕನ್ನು ರಸ್ತೆಗೆ ಎಸೆಯುವುದು ಅದೇ. "ಬೆರಳು ಸೋಕಿಸ್ಬೇಡ ಮರಿ. ಹರಳೆಣ್ಣೆ ದೀಪದ ಮೇಲೆ ತಟ್ಟೆ ಕವುಚಿ ಕಾಡಿಗೆ ಹಿಡಿ. ಸವೆದ ಹತ್ತಿ ಸೀರೆ ಚೂರಿಗೆ ಅದನ್ನ ಹಚ್ಕೊಂಡು ಮೆಲ್ಲಗೆ ಒರೆಸು. ಮಗೂನ ಬೆನ್ನು ಒರೆಸ್ದಂಗೆ." ಅವರು ಯಾರಿಗೂ ಹೇಳಿಕೊಡುತ್ತಿರಲಿಲ್ಲ. ನನಗೇಕೆ ಹೇಳಿದರೋ. ನಾನು ಅವರಿಗೆ ಕುರ್ಚಿ ತಂದು ಹಾಕಿ, ಅವರು ಕಿವಿಗೊಟ್ಟು ನಿಂತಷ್ಟು ಹೊತ್ತೂ ಉಸಿರು ಬಿಗಿಹಿಡಿದು ನಿಂತಿದ್ದೆ, ಅಷ್ಟೇ.

ಆ ವರ್ಷದ ಆಯುಧಪೂಜೆಗೆ ಕಾರು ತೊಳೆಯುವುದು ನನ್ನ ಪಾಲಿಗೆ ಬಂತು. ದೀಪದ ಒಳಗೂ ಮಿಂಚಲಿ ಎಂದು ಎಡಗಡೆಯದನ್ನು ಬಿಚ್ಚಿದೆ. ನಂಜಪ್ಪನವರ ಮಾತು ನೆನಪಿತ್ತು. ಆದರೆ ಹಬ್ಬದ ದಿನ, ಪೂಜೆಗೆ ಇಡುವ ವಸ್ತುವಿಗೆ ಮಸಿ ಬಳಿಯುವುದೇ ಎಂದು ಮನಸ್ಸು ಹಿಂಜರಿಯಿತು. ಹಿತ್ತಲಲ್ಲಿ ರಾಯರ ಮನೆಯ ಹೆಂಗಸರು ಹುಣಸೆಹಣ್ಣು, ಬೂದಿ ಹಾಕಿ ದೀಪದ ಕಂಬಗಳನ್ನು ಉಜ್ಜುತ್ತಿದ್ದರು. ಅದರಲ್ಲೇ ಒಂದು ಹಿಡಿ ಕೇಳಿ ತಂದು, ಭಕ್ತಿಯಿಂದ, ನಮ್ಮಮ್ಮ ಪಂಚಪಾತ್ರೆ ತಿಕ್ಕುವ ಹಾಗೆ ತಿಕ್ಕಿದೆ. ನೀರು ಹಾಕಿದಾಗ ಬೆಳ್ಳಿ ಇರಲಿಲ್ಲ. ಗೀರು ಬಿದ್ದ ಹಳದಿ ಹಿತ್ತಾಳೆ ಹಲ್ಲು ಕಿರಿಯುತ್ತಿತ್ತು.

ಹೇಳಿಬಿಟ್ಟಿದ್ದರೆ ರಾಯರು ಬೈಯುತ್ತಿದ್ದರು, ಅಷ್ಟೇ. ಆದರೆ ಸರ್ಕಾರಿ ಕಚೇರಿಯೊಂದರಲ್ಲಿ ನನಗೆ ಕೆಲಸ ಕೊಡಿಸುತ್ತೇನೆಂದು ಅವರು ಮಾತು ಕೊಟ್ಟಿದ್ದರು. ಆ ಮಾತು ಎಲ್ಲಿ ಹಾರಿಹೋಗುತ್ತದೋ ಎಂದು ಹೆದರಿದೆ. ಗುಜರಿ ಅಂಗಡಿಗೆ ಓಡಿ, ಅದೇ ಅಳತೆಯ ಬೇರೊಂದು ಬೋಗುಣಿ ಹುಡುಕಿ ತಂದು ಕೂರಿಸಿದೆ. ಹೊಳೆಯಿತು. ಕುಂಕುಮ ಇಟ್ಟೆ, ಹೂ ಮುಡಿಸಿದೆ. ಪೂಜೆಯ ಹೊತ್ತಿಗೆ ರಾಯರು "ಎಷ್ಟು ಲಕ್ಷಣವಾಗಿ ಮಾಡಿದ್ದೀಯೋ ಶಾಮು" ಎಂದರು. ನಾನು ತಲೆ ತಗ್ಗಿಸಿದ್ದನ್ನು ವಿನಯವೆಂದುಕೊಂಡಿರಬೇಕು.

ಕೆಲವು ತಿಂಗಳ ನಂತರ ಒಂದು ಸಂಜೆ ರಾಯರ ಸ್ನೇಹಿತರು ಕಾರು ನೋಡಲು ಬಂದರು. ಅವರಿಗೆ ತೋರಿಸಲೆಂದೇ ರಾಯರು ನಂಜಪ್ಪನವರನ್ನೂ ಕರೆಸಿದ್ದರು. "ನೋಡ್ತಿರಿ, ಈತ ಬಿಚ್ಚದೇನೇ ಜಾತಕ ಹೇಳ್ತಾನೆ" ಎಂದರು. ನಂಜಪ್ಪನವರು ಪೇಟ ಸರಿಸಿಕೊಂಡು ಬಲಗಡೆಯ ಗಾಜು ದತ್ತು ಎಂದು ಹೇಳಿದರು. ಎಲ್ಲರೂ ಭಲೇ ಎಂದರು. ಆಮೇಲೆ ಎಡಗಡೆಯದಕ್ಕೆ ಚಿಮ್ಮಿದರು. ಮತ್ತೆ ಚಿಮ್ಮಿದರು. ದೀಪ ಹಾಕಲು ಹೇಳಿ, ಗೋಡೆಯ ಮೇಲೆ ಬಿದ್ದ ಬೆಳಕನ್ನು ನೋಡಿದರು.

"ಬುದ್ಧಿ, ಇದರೊಳಗಿನ ಬೋಗುಣಿ ದತ್ತು. ಹೋದ್ಸಲ ಹೆತ್ತದ್ದೇ ಇತ್ತು. ಬೆಳ್ಳಿ ಬೆಳಕು ಗಟ್ಟಿಹಾಲು ಇದ್ದಂಗೆ. ಇದು ನೀರು ಬೆರೆಸಿದ ಹಾಲು, ನೋಡಿ ನೀಲಿ ನೀಲಿಗೆ."

"ಏನಯ್ಯಾ ಇದು? ಕಾರು ಈ ಶೆಡ್ ಬಿಟ್ಟು ಎಲ್ಲೂ ಹೋಗಿಲ್ಲ" ಎಂದರು ರಾಯರು.

"ಬಿಚ್ಚಿ ತೋರಿಸ್ಲಾ?"

ಬಿಚ್ಚದೆಯೇ ಹೇಳುತ್ತೇನೆಂದು ಬೀಗುತ್ತಿದ್ದವರು ಅವತ್ತು ತಾವಾಗಿ ಬಿಚ್ಚುತ್ತೇನೆ ಎಂದರು. ನಾನು ನಡುವೆ ಬಾಯಿ ಹಾಕಿದೆ. "ಬೇಡ ಸಾರ್, ಸ್ಕ್ರೂ ಸವೆದುಹೋಗಿದೆ, ಮತ್ತೆ ಬಿಚ್ಚಿದ್ರೆ ಗಾಜು ಒಡೆದುಹೋಗುತ್ತೆ. ಹಬ್ಬಕ್ಕೆ ನಾನೇ ಒರೆಸಿದ್ದು. ಹಳೇದೇ ಇದೆ."

ಸ್ನೇಹಿತರಲ್ಲೊಬ್ಬರು ನಕ್ಕರು. "ರಾಯರೇ, ನಿಮ್ಮ ಜೋಯಿಸರಿಗೆ ಕನ್ನಡಕ ಕೊಡಿಸಿ!" ಎಲ್ಲರೂ ನಕ್ಕರು, ರಾಯರೂ ಸೇರಿ.

ನಂಜಪ್ಪನವರು ನನ್ನ ಕಡೆ ತಿರುಗಿದರು. ಸಿಟ್ಟು ಇರಲಿಲ್ಲ. ಇದ್ದಿದ್ದರೆ ನನಗೆ ಅನುಕೂಲವಾಗುತ್ತಿತ್ತು.

"ನೀನೇ ಒರೆಸ್ದೇನ್ ಮರಿ?"

"ಹ್ಞೂಂ."

"ಕಾಡಿಗೆಲಿ?"

"ಹೌದು, ನೀವು ಹೇಳಿದ ಹಾಗೇ."

"ಹಂಗಾದ್ರೆ ನಂದೇ ತಪ್ಪಿರ್ಬೇಕು" ಎಂದರು. ಅವರು ತಮ್ಮ ಕಿವಿ, ಕಣ್ಣುಗಳಿಗಿಂತ ನನ್ನ ಮಾತನ್ನು ನಂಬಿದರು. ಕಾಫಿ ಬರುವ ಮೊದಲೇ ಹೊರಟುಹೋದರು.

ಇಂಥ ಸುದ್ದಿಗೆ ಕಾಲು ಬೇಗ. ನಾಲ್ಕಾರು ಹಳೆಯ ಕಾರಿನವರೆಲ್ಲ ಪರಸ್ಪರ ಪರಿಚಿತರೇ. ಮೊದಮೊದಲು ತಮಾಷೆ ಮಾಡಿದರು, ಆಮೇಲೆ ಕರೆಯುವುದನ್ನೇ ಬಿಟ್ಟರು. ಹೋಟೆಲಿನ ಮುಂದೆ ಅವರನ್ನು ಕಂಡವರು "ನಂಜಪ್ಪ, ಈ ವಡೆ ಹೆತ್ತದ್ದಾ, ದತ್ತಾ? ಚಿಮ್ಮಿ ನೋಡಿ ಹೇಳಪ್ಪ" ಎಂದು ಕೂಗುವುದನ್ನು ನಾನೇ ಕೇಳಿದ್ದೇನೆ. ಕೇಳಿ, ಬೇರೆಯವರ ಜೊತೆ ಹಲ್ಲು ಬಿಟ್ಟಿದ್ದೇನೆ. ಮೊದಲಿನ ನಂಜಪ್ಪನವರಾಗಿದ್ದರೆ "ವಡೆ ಹೆತ್ತದ್ದೇ, ನಿನ್ನನ್ನೇ ಚಿಮ್ಮಿ ನೋಡ್ಬೇಕು" ಎಂದು ಬಾಯಿ ಮುಚ್ಚಿಸುತ್ತಿದ್ದರು. ಈಗ ಸುಮ್ಮನೆ ಮುಂದೆ ನಡೆಯುತ್ತಿದ್ದರು.

ನನಗೆ ಕೆಲಸ ಸಿಕ್ಕಿತು. ಇವತ್ತಿಗೂ ತಿನ್ನುತ್ತಿರುವುದು ಅದರ ಪಿಂಚಣಿಯನ್ನೇ. ಸಿಹಿ ಕೊಡುವ ನೆಪದಲ್ಲಿ, ಹೇಳಿಬಿಡಬೇಕೆಂದು ನಿಶ್ಚಯಿಸಿಕೊಂಡು ಒಂದು ಭಾನುವಾರ ಬೆಳಿಗ್ಗೆ ಯಡಿಯೂರಿಗೆ ಹೋದೆ. ಕೊಟ್ಟಿಗೆಯ ಮುಂದೆ ಗುಜರಿಯವನ ತಳ್ಳುಗಾಡಿ ನಿಂತಿತ್ತು. ನಂಜಪ್ಪನವರು ಪೇಟವಿಲ್ಲದೆ ನೆಲದ ಮೇಲೆ ಕುಳಿತಿದ್ದರು. ಸುತ್ತ ಬಳೆ, ಗಾಜು, ಬೋಗುಣಿ.

"ಬಾ ಮರಿ, ಸರಿಯಾದ ಹೊತ್ಗೆ ಬಂದೆ" ಎಂದರು. "ಮಗ ಕೊಟ್ಟಿಗೆ ಬಾಡಿಗೆಗೆ ಕೊಡ್ತಾನಂತೆ. ದತ್ತುಗಳನ್ನ ಗಾಡಿಗೆ ಹಾಕಿ ಹೆತ್ತವನ್ನ ಇಟ್ಕೊಳಾಣ ಅಂತ ಕೂತೆ. ಈಗ ನಂಗೆ ಗೊತ್ತಾಗಲ್ಲಪ್ಪ. ಚಿಮ್ಮಿದ್ರೆ ಎಲ್ಲಾ ಒಂದೇ ಥರ ಕೇಳುತ್ತೆ. ನಿನ್ ಕಣ್ಣು ಚೆನ್ನಾಗಿದೆ, ನೀನೇ ಹೇಳು."

ಎರಡು ಬೋಗುಣಿಗಳನ್ನು ನನ್ನ ಮುಂದೆ ಹಿಡಿದರು.

"ನಂಜಪ್ಪನೋರೇ, ಆವತ್ತು ರಾಯರ ಮನೇಲಿ..." ಎಂದು ಶುರು ಮಾಡಿದೆ.

"ಅದನ್ನ ಬಿಡಪ್ಪ. ಎಲ್ಲರ ಮುಂದೆ ನಿನ್ ಕೆಲಸಾನೇ ದತ್ತು ಅಂದ್ಬಿಟ್ಟೆ. ತಪ್ಪಾಯ್ತು ಅಂತ ನಿಂಗೆ ಹೇಳ್ಬೇಕು ಅಂತಿದ್ದೆ" ಎಂದರು.

ಗುಜರಿಯವನು "ಬೇಗ ಹೇಳಣ್ಣ, ಇನ್ನೂ ನಾಲ್ಕು ಬೀದಿ ತಿರುಗ್ಬೇಕು" ಎಂದು ಅವಸರ ಮಾಡಿದ. ಯಾವುದು ಯಾವುದೆಂದು ನನಗೆ ಕಿಂಚಿತ್ತೂ ತಿಳಿಯದು. ಆದರೂ ಬೆರಳು ಎತ್ತಿ ಒಂದನ್ನು ತೋರಿಸಿದೆ. "ಇದು ಹೆತ್ತದ್ದು."

ಅವರು ಅದನ್ನು ಹಳೆಯ ಸೀರೆಯ ತುಂಡಿನಲ್ಲಿ ಜೋಪಾನವಾಗಿ ಸುತ್ತಿ ಮಡಿಲಲ್ಲಿ ಇಟ್ಟುಕೊಂಡರು. ಇನ್ನೊಂದನ್ನು ಗಾಡಿಗೆ ಎಸೆದರು. ಅದು ಕಬ್ಬಿಣದ ರಾಶಿಯ ಮೇಲೆ ಬಿದ್ದು ಟಣ್ಣೆಂದಾಗ ಅವರ ತಲೆ ತನಗೆ ತಾನೇ ವಾರೆಯಾಯಿತು. ಹುಬ್ಬು ಗಂಟಿಕ್ಕಿತು. ಗಾಡಿಯ ಕಡೆ ಕೈ ಚಾಚಿದವರು ಒಮ್ಮೆ ನನ್ನ ಮುಖ ನೋಡಿದರು. ನಾನು ಮುಂದಿನ ಬೋಗುಣಿಗೆ ಕೈ ಹಾಕಿದೆ. ಕೈ ಹಿಂದಕ್ಕೆ ತೆಗೆದುಕೊಂಡು, "ಸರಿ, ಮುಂದಿಂದು ನೋಡು ಮರಿ" ಎಂದರು.